ಅಕ್ಷರನಿಯಮದ ಪದಗಳು: ಇಂಗ್ಲಿಷ್ ಅನಗ್ರಾಂ, ಉರ್ದು ಅಬ್ಜದ್, ತೆಲುಗು–ಕನ್ನಡ ಅವಧಾನ

ಗೊತ್ತುಪಡಿಸಿದ ಕೆಲವೇ ಅಕ್ಷರಗಳಿಂದ ಪದ ಕಟ್ಟುವುದು, ಇಲ್ಲವೇ ಗೊತ್ತುಪಡಿಸಿದ ಅಕ್ಷರಗಳನ್ನು ಬಿಟ್ಟು ಪದ ಕಟ್ಟುವುದು, ಇವೆರಡೂ ಅಕ್ಷರನಿಯಮದ ಎರಡು ಮುಖಗಳು. ಇಂಗ್ಲಿಷಿನಲ್ಲಿ ಇದರ ಹೆಸರಾಂತ ರೂಪ ಅನಗ್ರಾಂ. ಎ, ಇ, ಎಲ್, ಎಸ್, ಟಿ ಎಂಬ ಐದು ಅಕ್ಷರಗಳನ್ನು ತೆಗೆದುಕೊಂಡರೆ ಅವನ್ನು 120 ಬಗೆಯಲ್ಲಿ ಸಾಲಾಗಿ ಇಡಬಹುದು. ಆ ಸಾಲುಗಳ ಪೈಕಿ ಸ್ಟೇಲ್, ಸ್ಲೇಟ್, ಟೇಲ್ಸ್, ಸ್ಟೀಲ್, ಲೀಸ್ಟ್, ಟೀಲ್ಸ್ ಎಂಬ ಆರಾದರೂ ಇಂಗ್ಲಿಷ್ ನಿಘಂಟಿನಲ್ಲಿ ಸಿಗುತ್ತವೆ. ಇಲ್ಲಿನ ಸ್ಟೀಲ್ ಪಾತ್ರೆಯ ಲೋಹವಲ್ಲ, ಕದಿಯುವುದು ಎಂಬ ಅರ್ಥದ ಕ್ರಿಯಾಪದ. ಹಳಸಿದ್ದು, ಬರೆಯುವ ಹಲಗೆ, ಕತೆಗಳು, ಕಳವು, ಅತಿ ಕಡಿಮೆ, ಒಂದು ಜಾತಿಯ ಬಾತುಕೋಳಿಗಳು, ಹೀಗೆ ಅರ್ಥದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳಿಗೆ ಬಂಡವಾಳ ಒಂದೇ. ಇದೇ ಆಟವನ್ನು ಕನ್ನಡದಲ್ಲಿ ಆಡಲು ಹೊರಟವರಿಗೆ ಬೇಗ ನಿರಾಶೆಯಾಗುತ್ತದೆ. ಗಜ–ಜಗ, ನವ–ವನ, ರಸ–ಸರ, ವದನ–ದವನ ಎಂದು ಕೆಲವು ಜೋಡಿಗಳು ಸಿಕ್ಕ ಮೇಲೆ ಸರಕು ತೀರುತ್ತ ಬರುತ್ತದೆ. ಹಾಗಾದರೆ ಕನ್ನಡದಂಥ ಭಾಷೆ ಅಕ್ಷರದಾಟಕ್ಕೆ ಒಗ್ಗದ ಭಾಷೆಯೇ ಎಂಬ ಪ್ರಶ್ನೆ ಬರುತ್ತದೆ. ಕೊರತೆ ಇರುವುದು ಭಾಷೆಯಲ್ಲಲ್ಲ, ನಾವು ಹಿಡಿದ ಅಳತೆಗೋಲಿನಲ್ಲಿ ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ಸಾಕ್ಷ್ಯಗಳಲ್ಲಿ ಹೆಚ್ಚಿನವು ಹೈದರಾಬಾದ್ ಮತ್ತು ಅದರ ಸುತ್ತಿನ ನೆಲದಲ್ಲೇ ಸಿಗುತ್ತವೆ.

ಮೇಲಿನ ಆರು ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಏನಾಗುತ್ತದೆಂದು ನೋಡೋಣ. ರೋಮನ್ ಅಕ್ಷರದ ಲೆಕ್ಕದಲ್ಲಿ ಆರೂ ಒಂದೇ ಗುಂಪು. ವರ್ಣದ ಲೆಕ್ಕಕ್ಕೆ ಬಂದರೆ, ಅಂದರೆ ಉಚ್ಚಾರವನ್ನು ಸ್ವರ ಬೇರೆ ವ್ಯಂಜನ ಬೇರೆ ಎಂದು ಬಿಡಿಸಿದರೆ, ಅವು ಎರಡು ಗುಂಪಾಗುತ್ತವೆ. ಏಕಾರವಿರುವ ಸ್ಟೇಲ್, ಸ್ಲೇಟ್, ಟೇಲ್ಸ್ ಒಂದು ಕಡೆ; ಈಕಾರವಿರುವ ಸ್ಟೀಲ್, ಲೀಸ್ಟ್, ಟೀಲ್ಸ್ ಇನ್ನೊಂದು ಕಡೆ. ಕನ್ನಡದ ಅಕ್ಷರದ ಲೆಕ್ಕಕ್ಕೆ ಇಳಿದರೆ ಆರು ಪದಗಳೂ ಆರು ದಿಕ್ಕು. ಸ್ಟೇಲ್ ಎಂಬುದರ ‘ಸ್ಟೇ’ ಉಳಿದ ಯಾವುದರಲ್ಲೂ ಇಲ್ಲ, ಸ್ಲೇಟಿನ ‘ಸ್ಲೇ’ ಕೂಡ ಇಲ್ಲ. ಇಂಗ್ಲಿಷಿನವರು ಮೆಚ್ಚಿ ಹೇಳುವ ಲಿಸನ್–ಸೈಲೆಂಟ್ ಜೋಡಿಯ ಗತಿಯೂ ಇದೇ. ಕನ್ನಡದಲ್ಲಿ ಬರೆದ ಕೂಡಲೇ ಎರಡಕ್ಕೂ ಸಾಮಾನ್ಯವಾದ ಒಂದು ಅಕ್ಷರವೂ ಉಳಿಯುವುದಿಲ್ಲ. ಲಿಸನ್‌ನಲ್ಲಿ ಟಿ ಅಕ್ಷರ ಬರವಣಿಗೆಯಲ್ಲಿದೆ, ಬಾಯಲ್ಲಿಲ್ಲ. ಅನಗ್ರಾಂ ಬಾಯನ್ನು ಕೇಳದೆ ಬರವಣಿಗೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಹೀಗೆ ಪದವನ್ನು ಅಳೆಯಲು ಲಿಪಿಯ ಬಿಡಿ ಚಿಹ್ನೆ, ನಾದದ ಬಿಡಿ ವರ್ಣ, ಉಸಿರಿನಲ್ಲಿ ಒಟ್ಟಾಗಿ ಬರುವ ಅಕ್ಷರ ಎಂಬ ಮೂರು ಅಳತೆಗಳಿವೆ. ಯಾವ ಸಮಾಜ ಯಾವ ಅಳತೆಯನ್ನು ಆರಿಸಿಕೊಂಡಿತೋ ಅದರ ಪದದಾಟ ಆ ದಾರಿಯಲ್ಲೇ ಬೆಳೆಯಿತು.

ಇಂಗ್ಲಿಷಿನ ಆಯ್ಕೆ ಬಿಡಿ ಚಿಹ್ನೆ. ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಾಗ ರೂಪಿಸಿದ, 1948ರಲ್ಲಿ ಸ್ಕ್ರಾಬಲ್ ಎಂಬ ಹೆಸರು ಪಡೆದ ಆಟ ಇದಕ್ಕೆ ಸ್ಪಷ್ಟ ನಿದರ್ಶನ. ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟಗಳನ್ನು ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಆ ಪ್ರಮಾಣಕ್ಕೆ ತಕ್ಕಂತೆ ಬಿಲ್ಲೆಗಳನ್ನು ಹಂಚಿದರು. ಒಟ್ಟು 100 ಬಿಲ್ಲೆಗಳಲ್ಲಿ 98ರ ಮೇಲೆ ಅಕ್ಷರ, ಎರಡು ಖಾಲಿ. ಇ ಅಕ್ಷರದ ಬಿಲ್ಲೆಗಳು 12, ಒಂದೊಂದಕ್ಕೆ ಒಂದೇ ಅಂಕ. ಕ್ಯೂ ಮತ್ತು ಜೆಡ್ ಒಂದೊಂದೇ, ತಲಾ 10 ಅಂಕ. 26 ಚಿಹ್ನೆಗಳು ಚೀಲದೊಳಗೆ ಬಿಡಿಯಾಗಿ ಹೊರಳಾಡಬಲ್ಲ ಭಾಷೆಯಲ್ಲಿ ಮಾತ್ರ ಇಂಥ ಆಟ ಸಾಧ್ಯ. ಅಕ್ಷರ ಬಿಡುವ ಆಟವೂ ಅಲ್ಲಿ ಇದೇ ಅಳತೆಯದು. ಅರ್ನೆಸ್ಟ್ ವಿನ್ಸೆಂಟ್ ರೈಟ್ 1939ರಲ್ಲಿ ಇ ಅಕ್ಷರವೇ ಇಲ್ಲದ, ಸುಮಾರು 50,000 ಪದಗಳ ಗ್ಯಾಡ್ಸ್‌ಬಿ ಕಾದಂಬರಿಯನ್ನು ಹೊರತಂದರು. ಫ್ರಾನ್ಸಿನ ಜಾರ್ಜ್ ಪೆರೆಕ್ 1969ರಲ್ಲಿ ತಮ್ಮ ಭಾಷೆಯಲ್ಲಿ ಅಂಥದೇ ಒಂದು ಕಾದಂಬರಿ ಬರೆದು, 1972ರಲ್ಲಿ ಸ್ವರಗಳ ಪೈಕಿ ಇ ಒಂದನ್ನೇ ಬಳಸಿ ಇನ್ನೊಂದು ಕೃತಿ ರಚಿಸಿದರು. ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ಆ ಅಕ್ಷರ ಮಾತಿನಲ್ಲಿ ಹೇಗೆ ಕೇಳಿಸುತ್ತದೆ, ಕೇಳಿಸುತ್ತದೆಯೇ ಇಲ್ಲವೇ ಎಂಬುದು ಇಂಗ್ಲಿಷಿನ ಈ ಕಟ್ಟಳೆಗೆ ಮುಖ್ಯವಲ್ಲ.

ಹೈದರಾಬಾದಿನಲ್ಲಿ ಇದಕ್ಕಿಂತ ಹಳೆಯ ಇನ್ನೊಂದು ಕ್ರಮ ಬೇರೂರಿದೆ. ಅರಬ್ಬಿ–ಫಾರಸಿ ಲಿಪಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಆ ಲೆಕ್ಕಕ್ಕೆ ಅಬ್ಜದ್ ಎನ್ನುತ್ತಾರೆ. ಒಂದು ನುಡಿಗಟ್ಟಿನ ಅಕ್ಷರಗಳ ಬೆಲೆಯನ್ನು ಕೂಡಿದರೆ ಒಂದು ಇಸವಿ ಬರುವಂತೆ ಜೋಡಿಸುವುದು ತಾರೀಖ್ ಬರೆಯುವ ಕಲೆ. ಕುತುಬ್‌ಶಾಹಿ ಅರಸ ಮಹಮ್ಮದ್ ಕುಲಿ ಚಾರ್ಮಿನಾರ್ ಕಟ್ಟಿಸಿದ ಹಿಜರಿ 1000ನೇ ವರ್ಷ, ಅಂದರೆ 1591, ‘ಯಾ ಹಾಫಿಜ್’ ಎಂಬ ಪ್ರಾರ್ಥನೆಯ ನುಡಿಯಲ್ಲಿ ಅಡಗಿದೆ ಎಂದು ಊರಿನ ಚರಿತ್ರೆ ಬಲ್ಲವರು ಹೇಳುತ್ತ ಬಂದಿದ್ದಾರೆ. ಕೂಡಿ ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ: ಯೇ 10, ಅಲಿಫ್ 1, ಹೇ 8, ಮತ್ತೆ ಅಲಿಫ್ 1, ಫೇ 80, ಜೋಯ್ 900. ಈ ಆರು ಅಕ್ಷರಗಳನ್ನು ಹಿಂದುಮುಂದಾಗಿ ಹೇಗೆ ಇಟ್ಟರೂ ಮೊತ್ತ ಕದಲುವುದಿಲ್ಲ. ಅಂದರೆ ಅಬ್ಜದ್ ಕೂಡ ಇಂಗ್ಲಿಷ್ ಅನಗ್ರಾಮಿನಂತೆ ಅಕ್ಷರಗಳ ಗುಂಪನ್ನು ನೋಡುತ್ತದೆ. ಯಾವುದು ಎಲ್ಲಿ ಕುಳಿತಿದೆ ಎಂಬುದು ಅದಕ್ಕೆ ಬೇಕಿಲ್ಲ.

ಇದರ ಪಕ್ಕದಲ್ಲಿ ದಕ್ಷಿಣದವರ ಕಟಪಯಾದಿ ಪದ್ಧತಿಯನ್ನು ಇಟ್ಟಾಗ ವ್ಯತ್ಯಾಸ ನಿಚ್ಚಳವಾಗುತ್ತದೆ. ಅಲ್ಲಿಯೂ ವ್ಯಂಜನಗಳಿಗೆ ಅಂಕಿಗಳಿವೆ, ಆದರೆ ಅವನ್ನು ಕೂಡುವುದಿಲ್ಲ. ಬಲದಿಂದ ಎಡಕ್ಕೆ ಸ್ಥಾನಕ್ಕೆ ತಕ್ಕಂತೆ ಓದುತ್ತಾರೆ. ಕರ್ನಾಟಕ ಸಂಗೀತದ ಮಾಯಾಮಾಳವಗೌಳ ರಾಗದ ಹೆಸರಿನಲ್ಲಿ ‘ಮಾ’ 5, ‘ಯಾ’ 1. ಹಿಂದಿನಿಂದ ಓದಿದಾಗ 15, ಅದು ಹದಿನೈದನೆಯ ಮೇಳ. ಧೀರಶಂಕರಾಭರಣದ ‘ಧೀ’ 9, ‘ರ’ 2, ಅದು 29ನೆಯದು. ‘ಮಾಯಾ’ ಎಂಬಲ್ಲಿ ಅಕ್ಷರಗಳು ಸ್ಥಳ ಬದಲಿಸಿದರೆ ರಾಗ 15ರಿಂದ 51ಕ್ಕೆ ಹಾರುತ್ತದೆ. ಎರಡೂ ಪದ್ಧತಿಗಳು ಅಕ್ಷರದಿಂದ ಸಂಖ್ಯೆ ಹುಟ್ಟಿಸುತ್ತವೆ. ಒಂದರಲ್ಲಿ ಅಕ್ಷರದ ಬೆಲೆ ಅದರೊಳಗೇ ಇದೆ, ಇನ್ನೊಂದರಲ್ಲಿ ಅದು ನಿಂತ ಜಾಗವೂ ಸೇರಿ ಬೆಲೆಯಾಗುತ್ತದೆ. ಕನ್ನಡ–ತೆಲುಗು ಪದದಾಟದ ಮರ್ಮ ಈ ಎರಡನೆಯದರಲ್ಲಿದೆ.

ಇದಕ್ಕೆ ಕಾರಣ ಲಿಪಿಯ ಕಟ್ಟಡದಲ್ಲೂ ಇದೆ, ಭಾಷೆಯ ಜಾಯಮಾನದಲ್ಲೂ ಇದೆ. ಇಂದಿನ ಕನ್ನಡ ವರ್ಣಮಾಲೆಯಲ್ಲಿ 49 ವರ್ಣಗಳು: 13 ಸ್ವರ, 2 ಯೋಗವಾಹ, 34 ವ್ಯಂಜನ. ಒಂದೊಂದು ವ್ಯಂಜನಕ್ಕೂ ಅನುಸ್ವಾರ, ವಿಸರ್ಗ ಸೇರಿ 15 ರೂಪಗಳಂತೆ ಗುಣಿತಾಕ್ಷರಗಳೇ 510. ಎರಡು ವ್ಯಂಜನಗಳ ಒತ್ತಕ್ಷರಗಳನ್ನು ಬರೀ ಲೆಕ್ಕಕ್ಕೆ ಹಿಡಿದರೆ 34ರಿಂದ 34ನ್ನು ಗುಣಿಸಿ 1,156, ಅವುಗಳ ಗುಣಿತ 17,340. ಇವುಗಳಲ್ಲಿ ಬಳಕೆಯಲ್ಲಿರುವುದು ಸಣ್ಣ ಪಾಲಾದರೂ 26ರ ಮುಂದೆ ಅದು ದೊಡ್ಡ ರಾಶಿಯೇ. ಚಿಹ್ನೆಗಳು ಕಡಿಮೆಯಿದ್ದು ಪದ ಉದ್ದವಾದಷ್ಟೂ ಒಂದೇ ಗುಂಪು ಮತ್ತೆ ಮತ್ತೆ ಎದುರಾಗುತ್ತದೆ. ಅಕ್ಷರಗಳು ಸಾವಿರಾರಿದ್ದು ಪದ ಎರಡು ಮೂರು ಅಕ್ಷರದ್ದಾದರೆ ಅಂಥ ಆಕಸ್ಮಿಕ ವಿರಳ. ಭಾಷೆಯ ಜಾಯಮಾನದ ಮಾತು ಇನ್ನೂ ಮುಖ್ಯ. ಮನೆ, ಊರು, ಹಕ್ಕಿ, ಕಾಡು ಎಂಬಂಥ ಪದಗಳಲ್ಲಿ ಕೊನೆಯ ಅಕ್ಷರದ ಎಕಾರ, ಉಕಾರ, ಇಕಾರಗಳು ಪದ ಮುಗಿಯಿತೆಂದು ಹೇಳುವ ಗುರುತುಗಳು. ಅಚ್ಚಗನ್ನಡ ಪದದ ಮೊದಲಿಗೆ ಣ, ಳ ಬರುವುದಿಲ್ಲ, ಒತ್ತಕ್ಷರವೂ ಬರುವುದಿಲ್ಲ. ‘ಹಕ್ಕಿ’ಯ ‘ಕ್ಕಿ’ಯನ್ನು ಮುಂದೆ ತಂದು ನಿಲ್ಲಿಸಿದರೆ ನಾಲಿಗೆಯೇ ಒಪ್ಪುವುದಿಲ್ಲ. ಅಕ್ಷರಕ್ಕೆ ತನ್ನ ಜಾಗ ಗೊತ್ತು. ಅದನ್ನು ಚೀಲಕ್ಕೆ ಹಾಕಿ ಕುಲುಕಲಾಗದು. ಮೊದಲು ಕೊಟ್ಟ ಗಜ–ಜಗ ಬಗೆಯ ಜೋಡಿಗಳನ್ನು ಗಮನಿಸಿದರೆ ಹೆಚ್ಚಿನವು ಸಂಸ್ಕೃತದಿಂದ ಬಂದ, ಒತ್ತಿಲ್ಲದ, ಬರೀ ಅಕಾರದ ಪದಗಳು. ಗುಣಿತ, ಒತ್ತು ಬಂದಂತೆಲ್ಲ ಅಕ್ಷರಗಳು ಕದಲಲು ಒಲ್ಲವು.

ಅಳತೆ ಬದಲಾದರೆ ಫಲ ಹೇಗೆ ತಲೆಕೆಳಗಾಗುತ್ತದೆ ಎಂಬುದಕ್ಕೆ ಎರಡು ಪದಗಳು ಸಾಕು. ತೆನಾಲಿ ರಾಮಕೃಷ್ಣನ ಬಿರುದಾಗಿ ತೆಲುಗರಿಗೂ ಕನ್ನಡಿಗರಿಗೂ ಚಿರಪರಿಚಿತವಾದ ‘ವಿಕಟಕವಿ’ ಎಡದಿಂದ ಓದಿದರೂ ಬಲದಿಂದ ಓದಿದರೂ ವಿಕಟಕವಿಯೇ. ಅದನ್ನು ರೋಮನ್ ಲಿಪಿಯಲ್ಲಿ ಬರೆದು ತಿರುಗಿಸಿದರೆ ಆ ಗುಣ ಉಳಿಯುವುದಿಲ್ಲ. ಕೊನೆಯ ಐ ಅಕ್ಷರ ಮೊದಲಿಗೆ ಬಂದು ಪದವೇ ಕೆಡುತ್ತದೆ. ಇಂಗ್ಲಿಷಿನಲ್ಲಿ ಬರೆದ ‘ಮಲಯಾಳಂ’ ಎರಡು ಕಡೆಯಿಂದಲೂ ಒಂದೇ ಎಂದು ಶಾಲೆಯ ರಸಪ್ರಶ್ನೆಗಳಲ್ಲಿ ಕೇಳುತ್ತಾರೆ. ಕನ್ನಡದಲ್ಲಿ ಬರೆದರೆ ಮ, ಲ, ಯಾ, ಳಂ, ಇದನ್ನು ತಿರುಗಿಸಿದರೆ ಏನೂ ಅಲ್ಲ. ವಾಲ್ಮೀಕಿಯ ಕತೆಯಲ್ಲಿ ‘ಮರಾ ಮರಾ’ ಎಂಬ ಜಪ ರಾಮನಾಮವಾಗುವುದು ಅಕ್ಷರದ ಲೆಕ್ಕದಲ್ಲಿ. ಬಿಡಿ ವರ್ಣದ ಲೆಕ್ಕದಲ್ಲಿ ರಾಮನಿಗೆ ಹತ್ತಿರವಿರುವವನು ಮಾರ, ಅಂದರೆ ಮನ್ಮಥ. ಕತೆ ಕಟ್ಟಿದವರ ಕಿವಿಗೆ ಅಕ್ಷರ ಕೇಳಿಸಿತೇ ಹೊರತು ಬಿಡಿ ವರ್ಣವಲ್ಲ.

ವರ್ಣವನ್ನು ಬಿಡಿಯಾಗಿ ಎಣಿಸಿದ ಪರಂಪರೆಯೂ ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. ದಂಡಿ ತನ್ನ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಸ್ವರ, ಉಚ್ಚಾರಣಾಸ್ಥಾನ, ವರ್ಣ ಎಂಬ ಮೂರು ನಿಯಮಗಳನ್ನು ಹೇಳಿ, ನಾಲ್ಕಕ್ಕೆ, ಮೂರಕ್ಕೆ, ಎರಡಕ್ಕೆ, ಕೊನೆಗೆ ಒಂದಕ್ಕೇ ಕಟ್ಟಿಕೊಂಡು ಬರೆಯುವುದನ್ನು ದುಷ್ಕರ ಎಂದು ಕರೆದ. ಅವನ ದಶಕುಮಾರಚರಿತೆಯ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತ ತನ್ನ ಕತೆಯನ್ನೆಲ್ಲ ತುಟಿ ಕೂಡಿಸದೆ ಹೇಳುತ್ತಾನೆ; ಇನಿಯಳು ಕಚ್ಚಿದ ತುಟಿ ನೋಯುತ್ತಿದೆ ಎಂಬುದು ಕಾರಣ. ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ ಹೆಸರಿಸುವ ಭಾರವಿ, ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಬಹುಮಟ್ಟಿಗೆ ನಕಾರ ಒಂದರಿಂದಲೇ ಒಂದು ಶ್ಲೋಕ ಕಟ್ಟಿದ್ದಾನೆ. ದಂಡಿಯ ಈ ಚರ್ಚೆ ಸುಮಾರು 850ರ ಹೊತ್ತಿಗೆ ಕವಿರಾಜಮಾರ್ಗದ ಮೂಲಕ ಕನ್ನಡಕ್ಕೆ ಬಂತು. ಆ ಗ್ರಂಥ ಹುಟ್ಟಿದ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 1956ರ ತನಕ ಅದು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಹೈದರಾಬಾದಿನ ಕಾಚಿಗುಡದ ಕನ್ನಡ ಶಾಲೆಗೆ ಆ ಮಾನ್ಯಖೇಟದ ಅರಸ ನೃಪತುಂಗನ ಹೆಸರಿದೆ. ಆ ಊರಿನ ಕನ್ನಡಿಗರು ಈ ನಂಟನ್ನು ಮರೆತವರಲ್ಲ.

ತುಟಿ ಕೂಡಿಸದೆ ನುಡಿಯುವ ನಿಯಮ ಗೋಲ್ಕೊಂಡದಲ್ಲಿ ಒಂದು ಕಾವ್ಯದ ಉದ್ದಕ್ಕೂ ಬೆಳೆಯಿತು. ಇಬ್ರಾಹಿಂ ಕುತುಬ್ ಷಾ ಆಳಿದ 1550ರಿಂದ 1580ರ ನಡುವಿನ ಕಾಲದ ತೆಲುಗು ಕವಿ ಮರಿಂಗಂಟಿ ಸಿಂಗರಾಚಾರ್ಯ ಇಡೀ ರಾಮಕತೆಯನ್ನು ನಿರೋಷ್ಠ್ಯವಾಗಿ, ಅಂದರೆ ತುಟಿ ತಾಗಿಸಿ ನುಡಿಯುವ ಪವರ್ಗದ ಅಕ್ಷರಗಳಿಲ್ಲದೆ ಬರೆದ. ಈ ಕಟ್ಟಳೆಯ ಕಷ್ಟ ಎಷ್ಟೆಂದು ತಿಳಿಯಲು ಪಾತ್ರಗಳ ಹೆಸರು ನೋಡಿದರೆ ಸಾಕು. ರಾಮ ಎನ್ನುವಂತಿಲ್ಲ, ಮಕಾರ ಓಷ್ಠ್ಯ. ಲಕ್ಷ್ಮಣ, ಭರತ, ಹನುಮಂತ, ವಿಭೀಷಣ, ಕುಂಭಕರ್ಣ, ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಸೀತೆ, ದಶರಥರಂಥ ಕೆಲವರು ಮಾತ್ರ ನಿರಾತಂಕವಾಗಿ ಬರಬಹುದು. ಕೃತಿಯ ಹೆಸರೇ ‘ದಶರಥರಾಜನಂದನ ಚರಿತ್ರ’. ನಾಯಕನನ್ನು ತಂದೆಯ ಹೆಸರಿನಿಂದ ಗುರುತಿಸಿ ಕವಿ ಮಕಾರದಿಂದ ಪಾರಾಗಿದ್ದಾನೆ. ತೆಲುಗಿನಲ್ಲಿ ಇಂಥ ಹೆಸರುಗಳ ಕೊನೆಗೆ ಸಹಜವಾಗಿ ಬರುವ ‘ಮು’ ಪ್ರತ್ಯಯವನ್ನೂ ಇಲ್ಲಿ ಸೇರಿಸಿಲ್ಲ. ಪವರ್ಗದ ಜೊತೆಗೆ ವಕಾರ, ಉಕಾರ, ಒಕಾರಗಳನ್ನೂ ತುಟಿಯ ಲೆಕ್ಕಕ್ಕೆ ಸೇರಿಸುವ ಕಟ್ಟುನಿಟ್ಟಿನ ಪರೀಕ್ಷೆಯಲ್ಲೂ ಈ ಹೆಸರು ಗೆಲ್ಲುತ್ತದೆ. ರೈಟ್ ಮತ್ತು ಪೆರೆಕ್ ಬಿಟ್ಟದ್ದು ಕಣ್ಣಿಗೆ ಕಾಣುವ ಒಂದು ಚಿಹ್ನೆಯನ್ನು. ಸಿಂಗರಾಚಾರ್ಯ ಬಿಟ್ಟದ್ದು ಬಾಯಿಯ ಒಂದು ಚಲನೆಯನ್ನು. ಓದುವವನ ತುಟಿ ನೋಡಿಯೇ ನಿಯಮ ಪಾಲನೆಯಾಗಿದೆಯೇ ಇಲ್ಲವೇ ಎಂದು ಹೇಳಬಹುದು.

ಅಕ್ಷರಗಳ ಗುಂಪಿಗೂ ಪದಸಂಪತ್ತಿಗೂ ಇರುವ ಸಂಬಂಧ ಇನ್ನೊಂದು ಕಡೆಯಿಂದಲೂ ಕಾಣುತ್ತದೆ. ಅದೇ ಗೋಲ್ಕೊಂಡ ರಾಜ್ಯದಲ್ಲಿ ಪೊನ್ನಿಗಂಟಿ ತೆಲಗನಾರ್ಯ ಸಂಸ್ಕೃತ ತತ್ಸಮಗಳನ್ನು ದೂರವಿಟ್ಟು ಅಚ್ಚತೆಲುಗಿನಲ್ಲಿ ಯಯಾತಿ ಚರಿತ್ರಮು ಬರೆದು ಅಧಿಕಾರಿ ಅಮೀನ್ ಖಾನನಿಗೆ ಅಂಕಿತ ಮಾಡಿದ. ಕನ್ನಡದಲ್ಲಿ ಅದಕ್ಕೂ ಮೊದಲೇ, ಹದಿಮೂರನೆಯ ಶತಮಾನದಲ್ಲಿ, ಆಂಡಯ್ಯ ಕಬ್ಬಿಗರ ಕಾವದಲ್ಲಿ ಇಂಥದೇ ಪಣ ತೊಟ್ಟಿದ್ದ. ತತ್ಸಮವನ್ನು ಬಿಟ್ಟಾಗ ಪದಗಳ ಜೊತೆ ಅಕ್ಷರಗಳೂ ಹೋಗುತ್ತವೆ: ವಿಸರ್ಗ, ಶ, ಷ, ಮಹಾಪ್ರಾಣಗಳ ಬಹುಪಾಲು. ಸುಮಾರು 1260ರಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡಕ್ಕೆ ಶುದ್ಧವಾದ ಅಕ್ಷರಗಳು 47 ಎಂದು ಗೊತ್ತುಮಾಡಿದ್ದು ಈ ಅರಿವಿನ ಮುಂದುವರಿಕೆ. ಒಂದು ಪದದಲ್ಲಿ ಯಾವ ಅಕ್ಷರಗಳಿವೆ ಎಂಬುದರಿಂದ ಅದರ ಕುಲವನ್ನು ಊಹಿಸಬಹುದು ಎಂಬ ತಿಳಿವಳಿಕೆ ನಮ್ಮ ವೈಯಾಕರಣರಿಗೆ ಆಗಲೇ ಇತ್ತು.

ಇನ್ನು ಅವಧಾನ. ಈ ವಾದದ ಅತಿ ಬಲವಾದ ಸಾಕ್ಷ್ಯ ಅದರಲ್ಲಿದೆ. ಎಂಟು ಮಂದಿ ಪೃಚ್ಛಕರು ಸರದಿಯಲ್ಲಿ ಒಡ್ಡುವ ಸವಾಲುಗಳನ್ನು ಕಾಗದ ಲೇಖನಿಗಳಿಲ್ಲದೆ ಪದ್ಯದಲ್ಲಿ ಎದುರಿಸುವ ಅಷ್ಟಾವಧಾನವನ್ನು ತೆಲುಗು ನಾಡಿನಲ್ಲಿ ಮನೆಮಾತಾಗಿಸಿದವರು ದಿವಾಕರ್ಲ ತಿರುಪತಿ ಶಾಸ್ತ್ರಿ ಮತ್ತು ಚೆಳ್ಳಪಿಳ್ಳ ವೆಂಕಟ ಶಾಸ್ತ್ರಿ. ತಿರುಪತಿ ವೆಂಕಟ ಕವುಲು ಎಂದೇ ಹೆಸರಾದ ಈ ಜೋಡಿ ನಿಜಾಮ ರಾಜ್ಯದ ಗದ್ವಾಲ, ಆತ್ಮಕೂರು ಸಂಸ್ಥಾನಗಳಲ್ಲೂ ಮನ್ನಣೆ ಪಡೆಯಿತು. ಹೈದರಾಬಾದಿನಲ್ಲಿ ಚಿಕ್ಕಡಪಲ್ಲಿಯ ತ್ಯಾಗರಾಯ ಗಾನಸಭೆಯಂಥ ವೇದಿಕೆಗಳು ಈ ಕಲೆಗೆ ನೆಲೆಯಾಗಿವೆ. ಕನ್ನಡದಲ್ಲಿ 1962ರಲ್ಲಿ ಹುಟ್ಟಿದ ಆರ್. ಗಣೇಶ್ 1991ರಲ್ಲಿ ಶತಾವಧಾನ ನಡೆಸಿ, 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನಗಳ ಶತಾವಧಾನವನ್ನು ಪೂರ್ತಿ ಕನ್ನಡದಲ್ಲೇ ಮಾಡಿ ತೋರಿಸಿದರು.

ಅವಧಾನದ ನಿಷಿದ್ಧಾಕ್ಷರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವಧಾನಿ ಒಂದು ಅಕ್ಷರ ಹೇಳಿದ ಕೂಡಲೇ, ಮುಂದೆ ಯಾವುದು ಬರಬಹುದೆಂದು ಊಹಿಸಿ ಪೃಚ್ಛಕ ಅದನ್ನು ನಿಷೇಧಿಸುತ್ತಾನೆ. ವಿಷಯ ವಿನಾಯಕನ ಸ್ತುತಿ ಎಂದುಕೊಳ್ಳೋಣ. ಅವಧಾನಿ ‘ಗ’ ಎನ್ನುತ್ತಾನೆ. ಗಣಪತಿ ಬರುತ್ತಾನೆಂದು ಪೃಚ್ಛಕ ‘ಣ’ವನ್ನು ತಡೆಯುತ್ತಾನೆ. ಅವಧಾನಿ ‘ಜ’ ಎಂದು ‘ಗಜ’ಕ್ಕೆ ಹೊರಳುತ್ತಾನೆ. ಇನ್ನು ಗಜಮುಖನೇ ಎಂದು ಪೃಚ್ಛಕ ‘ಮ’ವನ್ನು ಮುಚ್ಚುತ್ತಾನೆ; ಅವಧಾನಿ ‘ವ’ ಎನ್ನುತ್ತಾನೆ. ಗಜವದನನನ್ನು ತಡೆಯಲು ‘ದ’ ನಿಷಿದ್ಧವಾಗುತ್ತದೆ. ಅವಧಾನಿ ‘ಕ್ತ್ರ’ ಎಂದು ‘ಗಜವಕ್ತ್ರ’ನನ್ನು ತಂದು ನಿಲ್ಲಿಸುತ್ತಾನೆ. ಮೂರು ಬಾಗಿಲು ಮುಚ್ಚಿದರೂ ಆನೆಮೊಗದವನು ಬಂದೇ ಬಂದ. ಇದೆಲ್ಲ ಛಂದಸ್ಸಿನ ಗುರುಲಘು ತಪ್ಪದೆ, ಉಳಿದ ಏಳು ಮಂದಿಯ ಸವಾಲುಗಳ ನಡುವೆ ನಡೆಯಬೇಕು. ಗ್ಯಾಡ್ಸ್‌ಬಿಯಲ್ಲಿ ಇಡೀ ಪುಸ್ತಕಕ್ಕೆ ಒಂದೇ ನಿಷೇಧ, ಅದು ಮೊದಲೇ ಗೊತ್ತು. ಇಲ್ಲಿ ನಿಷೇಧ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ, ಆ ಹೆಜ್ಜೆಗಷ್ಟೇ ಅನ್ವಯಿಸುತ್ತದೆ. ಎರಡನೆಯ ಸ್ಥಾನದಲ್ಲಿ ಬೇಡವಾದ ‘ಣ’ ಆರನೆಯ ಸ್ಥಾನದಲ್ಲಿ ಧಾರಾಳವಾಗಿ ಬರಬಹುದು. ನ್ಯಸ್ತಾಕ್ಷರಿಯಲ್ಲಿ ಇದರ ತಿರುವುಮುರುವು: ಇಂಥ ಪಾದದ ಇಂಥ ಸ್ಥಾನದಲ್ಲಿ ಇಂಥ ಅಕ್ಷರ ಇರಲೇಬೇಕು.

ವ್ಯಸ್ತಾಕ್ಷರಿ ಇನ್ನೂ ಸ್ಪಷ್ಟವಾದ ಸಾಕ್ಷಿ, ಏಕೆಂದರೆ ಇಂಗ್ಲಿಷ್ ಅನಗ್ರಾಮಿಗೆ ನಮ್ಮಲ್ಲಿ ಹೊರನೋಟಕ್ಕೆ ಅತಿ ಹತ್ತಿರವಾದದ್ದು ಇದೇ. ಒಂದು ವಾಕ್ಯದ ಅಕ್ಷರಗಳನ್ನು ಕಲಸಿ, ಸಭೆಯ ಉದ್ದಕ್ಕೂ ಬಿಟ್ಟುಬಿಟ್ಟು ಅವಧಾನಿಗೆ ಒಂದೊಂದಾಗಿ ಕೊಡುತ್ತಾರೆ. ಕೊನೆಯಲ್ಲಿ ಅವನು ಇಡೀ ವಾಕ್ಯವನ್ನು ಸರಿಯಾಗಿ ಹೇಳಬೇಕು. ಆದರೆ ಪ್ರತಿ ಅಕ್ಷರವೂ ತನ್ನ ಕ್ರಮಸಂಖ್ಯೆಯನ್ನು ಹೊತ್ತೇ ಬರುತ್ತದೆ: ಹದಿನಾಲ್ಕನೆಯದು ಇದು, ಮೂರನೆಯದು ಇದು ಎಂದು. ಕಲಸಿದಾಗಲೂ ಅಕ್ಷರ ತನ್ನ ಸ್ಥಾನವನ್ನು ಬಿಟ್ಟುಕೊಡುವುದಿಲ್ಲ. ಅನಗ್ರಾಂ ಆಡುವವನು ಹೊಸ ಜೋಡಣೆ ಹುಡುಕುತ್ತಾನೆ. ಅವಧಾನಿ ಹಳೆಯ ಜೋಡಣೆಯನ್ನು ನೆನಪಿನಲ್ಲಿ ಮರಳಿ ಕಟ್ಟುತ್ತಾನೆ. ಒಂದರ ಬೇರು ನಿಘಂಟಿನಲ್ಲಿದೆ, ಇನ್ನೊಂದರದು ಧಾರಣಶಕ್ತಿಯಲ್ಲಿ.

ಈ ವಾದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಮೊದಲನೆಯದು ಹಳೆಯದು: ಇದೆಲ್ಲ ಪಂಡಿತರ ಕಸರತ್ತು, ಕಾವ್ಯವಲ್ಲ. ಇಂಥ ಕಸರತ್ತಿನ ರಚನೆಗೆ ಚಿತ್ರ ಎಂದು ಹೆಸರು; ಆನಂದವರ್ಧನ ಅದನ್ನು ಕಾವ್ಯದ ಅನುಕರಣೆ ಎಂದ, ಮಮ್ಮಟ ಅದಕ್ಕೆ ಕೆಳಗಿನ ಸ್ಥಾನ ಕೊಟ್ಟ. ರಸದ ತಕ್ಕಡಿಯಲ್ಲಿ ತೂಗಿದರೆ ಅವರ ಮಾತು ಒಪ್ಪತಕ್ಕದ್ದೇ. ನಕಾರವೊಂದರ ಶ್ಲೋಕ ಓದಿ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಆದರೆ ಇಲ್ಲಿ ಕೇಳುತ್ತಿರುವ ಪ್ರಶ್ನೆ ಬೇರೆ. ಒಂದು ಭಾಷೆಯ ಪದಭಂಡಾರ ಎಷ್ಟು ಬಾಗಬಲ್ಲದು, ಅದರ ಜನ ತಮ್ಮ ಪದಗಳನ್ನು ಎಷ್ಟು ಸೂಕ್ಷ್ಮವಾಗಿ ಬಿಡಿಸಬಲ್ಲರು ಎಂಬುದಕ್ಕೆ ಉತ್ತರ ಬೇಕಾದರೆ ನೋಡಬೇಕಾದದ್ದು ಇಂಥ ಬಂಧಗಳನ್ನೇ. ಮುಖ, ವದನ, ವಕ್ತ್ರ, ಆನನಗಳು ನಿಘಂಟಿನಲ್ಲಿ ಬರೀ ಸಮಾನಾರ್ಥಕಗಳಾಗಿ ಮಲಗಿರುತ್ತವೆ. ನಿಷಿದ್ಧಾಕ್ಷರಿ ಅವು ಪರಸ್ಪರ ಬದಲಿಗೆ ನಿಲ್ಲಬಲ್ಲವೇ ಎಂದು ಪರೀಕ್ಷಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಬಿಗಿಯಾದದ್ದು. ದಂಡಿಯ ನಿಯಮ ವರ್ಣವನ್ನು ಎಣಿಸುತ್ತದೆ; ನಿರೋಷ್ಠ್ಯವೂ ವರ್ಣದ ನಿಯಮವೇ; ನಿಷಿದ್ಧಾಕ್ಷರಿಯಲ್ಲೂ ಸಾಮಾನ್ಯವಾಗಿ ವ್ಯಂಜನವನ್ನು ತಡೆದರೆ ಅದರ ಗುಣಿತವೆಲ್ಲ ಕೂಡದು. ಹೀಗಿರುವಾಗ ಅಕ್ಷರವೇ ನಮ್ಮ ಅಳತೆ ಎನ್ನುವುದು ಹೇಗೆ ಎಂದು ಕೇಳಬಹುದು. ಉತ್ತರ ಇಷ್ಟು: ನಮ್ಮವರು ನಿಷೇಧಿಸುವಾಗ ವರ್ಣವನ್ನು ಹಿಡಿದರು, ಜೋಡಿಸುವಾಗ ಅಕ್ಷರವನ್ನು ಹಿಡಿದರು. ಬಿಡಿ ವರ್ಣಗಳನ್ನು ಗುಂಪಾಗಿ ಕೊಟ್ಟು ಪದ ಕಟ್ಟು ಎನ್ನುವ ಆಟ ಬೆಳೆಯಲಿಲ್ಲ. ರಾಮ–ಮಾರ, ನಾಮ–ಮಾನ, ರಾಜ–ಜಾರ ಎಂಬಂಥ ವರ್ಣದ ಅನಗ್ರಾಂಗಳು ಹೇರಳವಾಗಿದ್ದರೂ ಅವಕ್ಕೆ ಒಂದು ಹೆಸರಿಟ್ಟು ಆಟವಾಗಿ ಬೆಳೆಸಿದ್ದು ಅವಧಾನದಲ್ಲಿ ಕಾಣುವುದಿಲ್ಲ. ಬೇಕಾದರೆ ಇಂದು ಬೆಳೆಸಬಹುದು. ಅದಕ್ಕೆ ಬಾಗಿಲು ತೆರೆದೇ ಇದೆ, ಆ ಕೆಲಸಕ್ಕೆ ಬೇಕಾದ ಉಪಕರಣವೂ ಹೈದರಾಬಾದಿನಲ್ಲೇ ಬಳಕೆಯಲ್ಲಿದೆ.

ಆ ಉಪಕರಣ ಡಬ್ಲ್ಯೂಎಕ್ಸ್ ಲಿಪ್ಯಂತರ. ಐಐಟಿ ಕಾನ್ಪುರದಲ್ಲಿ ರೂಪುಗೊಂಡು, 1998ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಐಐಐಟಿಯ ಭಾಷಾ ತಂತ್ರಜ್ಞಾನದ ಕೆಲಸದಲ್ಲಿ ವ್ಯಾಪಕವಾಗಿ ಬಳಕೆಯಾದ ಈ ಕ್ರಮದಲ್ಲಿ ಭಾರತೀಯ ಭಾಷೆಗಳ ವರ್ಣಗಳಿಗೆ ರೋಮನ್ ಕೀಲಿಮಣೆಯ ಒಂದೊಂದು ಅಕ್ಷರ ಗೊತ್ತುಮಾಡಿದ್ದಾರೆ. ತಕಾರಕ್ಕೆ ಡಬ್ಲ್ಯೂ, ದಕಾರಕ್ಕೆ ಎಕ್ಸ್. ಹೆಸರು ಬಂದದ್ದು ಅಲ್ಲಿಂದ. ಹ್ರಸ್ವ ಅಕಾರಕ್ಕೆ ಸಣ್ಣ ಎ, ದೀರ್ಘಕ್ಕೆ ದೊಡ್ಡ ಎ. ನಮ್ಮ ಹ್ರಸ್ವ ಎ, ಒ ಮತ್ತು ಳಕಾರಗಳಿಗೆ ಮಾತ್ರ ಎರಡೆರಡು ಅಕ್ಷರ ಬೇಕು. ಈ ಲೆಕ್ಕದಲ್ಲಿ ‘ಸ್ತ್ರೀ’ ಪದಕ್ಕೆ ನಾಲ್ಕು ಚಿಹ್ನೆ. ಅದೇ ಪದ ಯೂನಿಕೋಡಿನಲ್ಲಿ ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರದ ಚಿಹ್ನೆ ಎಂದು ಆರು ಸಂಕೇತವಾಗುತ್ತದೆ. ಕನ್ನಡ ಓದುವ ಮಗುವಿಗೆ ಅದು ಒಂದೇ ಅಕ್ಷರ. ಒಂದು ಪದ, ಉತ್ತರಗಳು ಒಂದು, ನಾಲ್ಕು, ಆರು.

ಮೂರನೆಯ ಆಕ್ಷೇಪ ಹುಟ್ಟುವುದು ಇಲ್ಲಿಯೇ. ಗಣಕಕ್ಕೆ ಎಲ್ಲ ಲಿಪಿಯೂ ಸಂಕೇತಗಳ ಸಾಲು ತಾನೆ, ಅಕ್ಷರದ ಗೊಡವೆ ಇನ್ನೇಕೆ ಎನ್ನುವವರಿದ್ದಾರೆ. ‘ಕವಿ’ ಎಂಬ ಪದವನ್ನು ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ತಿರುಗಿಸಿದರೆ ಇಕಾರದ ಚಿಹ್ನೆ ವ್ಯಂಜನದ ಆಸರೆ ತಪ್ಪಿ ಮೊದಲಿಗೆ ಬಂದು ನಿಲ್ಲುತ್ತದೆ. ಅದು ಓದಲು ಬರುವ ಕನ್ನಡವೇ ಅಲ್ಲ. ಸಂಕೇತಗಳ ಸಾಲು ಸಂಗ್ರಹಕ್ಕೆ ಒಳ್ಳೆಯದು, ಎಣಿಕೆಗೆ ಕೆಟ್ಟದ್ದು. ಅದನ್ನೇ ಪದದ ಉದ್ದವೆಂದು ನಂಬಿ ಕಟ್ಟಿದ ಪದದಾಟದ ತಂತ್ರಾಂಶದಲ್ಲಿ ‘ಸ್ತ್ರೀ’ ಉದ್ದನೆಯ ಪದವೆನಿಸಿಕೊಂಡು, ನಾಲ್ಕು ಅಕ್ಷರದ ‘ಕಮಲದ’ ಅದಕ್ಕಿಂತ ಚಿಕ್ಕದೆನಿಸುತ್ತದೆ.

ಇಂಗ್ಲಿಷಿನಲ್ಲೂ ಸ್ಥಾನಕ್ಕೆ ಬೆಲೆಯಿಲ್ಲವೇ, ಕ್ರಾಸ್‌ವರ್ಡ್ ಸ್ಥಾನದ ಆಟವಲ್ಲವೇ ಎಂಬ ಮಾತೂ ನ್ಯಾಯವಾದದ್ದು. ಹೌದು, ಅಲ್ಲಿ ಇಂಗ್ಲಿಷ್ ನಮ್ಮ ಹತ್ತಿರ ಬರುತ್ತದೆ. ಅದಕ್ಕೇ ಆ ಆಟ ಕನ್ನಡ ಪತ್ರಿಕೆಗಳಿಗೆ ಪದಬಂಧವಾಗಿ ಸಲೀಸಾಗಿ ಒಗ್ಗಿತು. ಸ್ಕ್ರಾಬಲ್‌ನಂಥ ಬಿಲ್ಲೆಯಾಟ ಕನ್ನಡಿಗರ ಮನೆಗಳಲ್ಲಿ ಹಾಗೆ ನೆಲೆಯೂರಲಿಲ್ಲ. ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಪೂರ್ಣಾಕ್ಷರ. ಅಡ್ಡ ಸಾಲಿನ ‘ಕ್ಕಿ’ ಕೆಳಸಾಲಿನಲ್ಲೂ ‘ಕ್ಕಿ’ಯಾಗಿಯೇ ಇರಬೇಕು, ‘ಕ್ಕ’ ಆಗದು, ‘ಕಿ’ಯೂ ಆಗದು. ಹಾಗಾಗಿ ಸಾಲುಗಳು ಕೂಡುವ ಜಾಗಗಳನ್ನು ಕಟ್ಟುವವರು ಬಲು ಎಚ್ಚರದಿಂದ ಆರಿಸಬೇಕಾಗುತ್ತದೆ. ಪತ್ರಿಕೆಯ ಮೂಲೆಯಲ್ಲಿ ದಿನವೂ ಇದನ್ನು ಕಟ್ಟುವವರು ಮತ್ತು ಬಿಡಿಸುವವರು ಯಾವ ಶಾಸ್ತ್ರವನ್ನೂ ಓದದೆ ಅಕ್ಷರವೇ ಅಳತೆ ಎಂದು ತೀರ್ಮಾನಿಸಿದ್ದಾರೆ. ಆ ತೀರ್ಮಾನವೇ ಸರಿ.

ಕನ್ನಡಕ್ಕೆ ಹೊಸ ಪದದಾಟ, ಕಾಗುಣಿತ ಪರೀಕ್ಷಕ, ಮಕ್ಕಳ ನಿಘಂಟುಗಳನ್ನು ತಯಾರಿಸುತ್ತಿರುವವರು ಇಂಗ್ಲಿಷಿಗೆ ಬರೆದ ತಂತ್ರಾಂಶವನ್ನು ಹಾಗೆಯೇ ಎತ್ತಿಕೊಳ್ಳದೆ, ಮೊದಲು ಅಕ್ಷರವನ್ನು ಗುರುತಿಸಿ ಎಣಿಸಲು ಅದಕ್ಕೆ ಕಲಿಸಲಿ, ಆಮೇಲೆ ಬೇಕಾದವರಿಗೆ ವರ್ಣದ ಎಣಿಕೆಯನ್ನೂ ಸೇರಿಸಲಿ. ಕನ್ನಡ ಮತ್ತು ತೆಲುಗು ಲಿಪಿಗಳ ಕಟ್ಟಡ ಒಂದೇ ಆಗಿರುವುದರಿಂದ, ಯೂನಿಕೋಡಿನಲ್ಲೂ ಅವುಗಳ ಅಕ್ಷರಗಳು ಬಹುಮಟ್ಟಿಗೆ ಒಂದೇ ಅನುಕ್ರಮದಲ್ಲಿ ಕುಳಿತಿರುವುದರಿಂದ, ಬೆಂಗಳೂರಿನಲ್ಲಿ ಮಾಡಿದ ಈ ಕೆಲಸ ಹೈದರಾಬಾದಿಗೂ, ಹೈದರಾಬಾದಿನಲ್ಲಿ ಮಾಡಿದ್ದು ಬೆಂಗಳೂರಿಗೂ ಒದಗುತ್ತದೆ.